ಮತದಾರನ ತಕ್ಕಡಿಯಲ್ಲಿ ತೊರಪಳ್ಳಿಯ ರಾಜಾಜಿ

ಲೋಕಸಭೆ ಚುನಾವಣೆ ಹತ್ತಿರ ಬಂತೆಂದರೆ ನಮ್ಮ ಗಡಿ ಭಾಗದಲ್ಲಿ ಮಾತಿಗೆ ಬರವಿಲ್ಲ. ಹೊಸೂರು ಬಸ್ ನಿಲ್ದಾಣದ ಟೀ ಅಂಗಡಿಯಾಗಲಿ, ರಾಯಕೋಟೆಯ ಟೊಮೇಟೊ ಮಂಡಿಯಾಗಲಿ, ಕೃಷ್ಣಗಿರಿಯ ಮಾವಿನ ಮಂಡಿಯಾಗಲಿ, ಕನ್ನಡ, ತೆಲುಗು, ತಮಿಳು ಮೂರೂ ಕಲಸಿದ ಮಾತಿನಲ್ಲಿ ಒಂದೇ ಚರ್ಚೆ: ದೇಶ ಆಳೋನು ಹೇಗಿರಬೇಕು? ಕೈ ಶುದ್ಧವಾಗಿರಬೇಕು ಅಂತ ಒಬ್ಬರು. ಗಟ್ಟಿ ನಿರ್ಧಾರ ತಗೊಳ್ಳೋ ಎದೆಗಾರಿಕೆ ಬೇಕು ಅಂತ ಇನ್ನೊಬ್ಬರು. ಅದೆಲ್ಲ ಸರಿ, ಮೊದಲು ನಮ್ಮ ಕಷ್ಟ ಕೇಳೋ ಕಿವಿ ಇರಲಿ ಅಂತ ಮೂಲೆಯಲ್ಲಿ ಕೂತ ಹಿರಿಯರು.

ಈ ಮೂರು ಮಾತನ್ನೂ ತೂಗಿ ನೋಡಲು ದೂರ ಹೋಗಬೇಕಿಲ್ಲ. ಹೊಸೂರಿನ ಮಗ್ಗುಲಲ್ಲೇ ಇರುವ ತೊರಪಳ್ಳಿಯಲ್ಲಿ ಹುಟ್ಟಿದ ಚಕ್ರವರ್ತಿ ರಾಜಗೋಪಾಲಾಚಾರಿಯವರು ಇಡೀ ಭಾರತದ ಗದ್ದುಗೆ ಏರಿ ಬಂದವರು. ಹಿತ್ತಲ ಗಿಡ ಮದ್ದಲ್ಲ ಎಂಬಂತೆ ನಾವೇ ಅವರನ್ನು ಮರೆತಿದ್ದೇವೆ.

ಹೊಸೂರು ಶಾಲೆ, ಬೆಂಗಳೂರು ಕಾಲೇಜು

ರಾಜಾಜಿ ಹುಟ್ಟಿದ್ದು 1878ರ ಡಿಸೆಂಬರ್ 10ರಂದು. ಆಗ ಹೊಸೂರು, ಕೃಷ್ಣಗಿರಿ ಎಲ್ಲವೂ ಸೇಲಂ ಜಿಲ್ಲೆಗೆ ಸೇರಿದ್ದವು. (ಧರ್ಮಪುರಿ ಜಿಲ್ಲೆ ಆದದ್ದು 1965ರಲ್ಲಿ, ಕೃಷ್ಣಗಿರಿ ಜಿಲ್ಲೆ ಆದದ್ದು 2004ರಲ್ಲಿ.) ತಂದೆ ಊರಿನ ಮುನ್ಸೀಫರು. ಮರ್ಯಾದೆ ಇದ್ದ ಮನೆ, ಆದರೆ ಸಿರಿವಂತಿಕೆ ಇರಲಿಲ್ಲ. ಹುಡುಗ ಹೊಸೂರಿನ ಸರ್ಕಾರಿ ಶಾಲೆಯಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜು ಸೇರಿದ. ಇವತ್ತಿಗೂ ನಮ್ಮ ಮಕ್ಕಳು ಬೆಳಗಿನ ಬಸ್ಸು ಹಿಡಿದು ಓದಲು ಹೋಗುವುದು ಅದೇ ಬೆಂಗಳೂರಿಗೆ ಅಲ್ಲವೇ? ಮುಂದೆ ಕನ್ನಡದಲ್ಲಿ ಕೆಲವು ನೆನಪುಗಳು ಎಂಬ ಪುಸ್ತಕ ಬರೆದ ನವರತ್ನ ರಾಮರಾಯರು ಅಲ್ಲಿ ಅವರ ಸಹಪಾಠಿ. ಆ ಗೆಳೆತನ ಕೊನೆತನಕ ಉಳಿಯಿತು. ಮದ್ರಾಸಿನಲ್ಲಿ ಕಾನೂನು ಓದಿ, 1900ರಲ್ಲಿ ಸೇಲಂನಲ್ಲಿ ವಕೀಲಿಕೆ ಶುರುಮಾಡಿದರು. ಕೈತುಂಬ ಸಂಪಾದನೆ ಬಂತು.

1917ರಿಂದ 1919ರವರೆಗೆ ಸೇಲಂ ಪುರಸಭೆಯ ಅಧ್ಯಕ್ಷರಾಗಿದ್ದರು. ಆ ಪುರಸಭೆಗೆ ಮೊದಲ ದಲಿತ ಸದಸ್ಯರು ಬಂದದ್ದು ಅವರ ಕಾಲದಲ್ಲೇ. ಅಷ್ಟರಲ್ಲಿ ಮನೆಯಲ್ಲಿ ದೊಡ್ಡ ಪೆಟ್ಟು ಬಿದ್ದಿತ್ತು. 1916ರಲ್ಲಿ ಹೆಂಡತಿ ಅಲಮೇಲು ಮಂಗಮ್ಮ ತೀರಿಕೊಂಡರು. ಐದು ಮಕ್ಕಳು. ಇನ್ನೊಂದು ಮದುವೆಯ ಗೋಜಿಗೆ ಅವರು ಹೋಗಲಿಲ್ಲ.

ಗಾಂಧೀಜಿಯವರ ಅಸಹಕಾರ ಚಳವಳಿ ಬಂದಾಗ ಒಳ್ಳೆ ಆದಾಯದ ವಕೀಲಿಕೆಯನ್ನೇ ಬಿಟ್ಟರು. 1921ರ ಕೊನೆಯಲ್ಲಿ ವೆಲ್ಲೂರು ಜೈಲು ಸೇರಿದರು. 1925ರಲ್ಲಿ ತಿರುಚೆಂಗೋಡಿನ ಬಳಿಯ ಪುದುಪಾಳ್ಯದಲ್ಲಿ ಆಶ್ರಮ ಕಟ್ಟಿ, ಸುತ್ತಲ ಹಳ್ಳಿಗಳಲ್ಲಿ ಖಾದಿ ಕೆಲಸ, ಪಾನವಿರೋಧದ ಪ್ರಚಾರ ನಡೆಸಿದರು. 1930ರ ಏಪ್ರಿಲ್‌ನಲ್ಲಿ ತಿರುಚಿಯಿಂದ ವೇದಾರಣ್ಯದ ಸಮುದ್ರ ತೀರದವರೆಗೆ ನಡೆದುಹೋಗಿ ಉಪ್ಪಿನ ಕಾನೂನು ಮುರಿದ ದಂಡಿಗೆ ಅವರೇ ಮುಂದಾಳು. ದೇಶಕ್ಕಾಗಿ ತನ್ನದನ್ನು ಕಳೆದುಕೊಳ್ಳಲು ಸಿದ್ಧನಿರಬೇಕು ಎಂಬ ಮೊದಲ ಪರೀಕ್ಷೆಯಲ್ಲಿ ಅವರು ಪಾಸಾದದ್ದು ಹೀಗೆ.

ಸಾಲ ಇಳಿಸಿದವರು, ತೆರಿಗೆ ಹಾಕಿದವರು

1937ರ ಚುನಾವಣೆಯಲ್ಲಿ ಮದ್ರಾಸ್ ಪ್ರಾಂತದ 215 ಸ್ಥಾನಗಳಲ್ಲಿ ಕಾಂಗ್ರೆಸ್ 159 ಗೆದ್ದಿತು. ರಾಜಾಜಿ ಪ್ರಧಾನಿಯಾದರು. ಪ್ರಾಂತದ ಮುಖ್ಯಸ್ಥರನ್ನು ಆಗ ಹಾಗೆಯೇ ಕರೆಯುತ್ತಿದ್ದರು. ಗದ್ದುಗೆ ಏರಿ ಮೂರು ತಿಂಗಳಾಗುವ ಮುಂಚೆ, ಅಕ್ಟೋಬರ್ 1ರಿಂದ, ಸೇಲಂ ಜಿಲ್ಲೆಯಲ್ಲಿ ಪಾನನಿಷೇಧ ಜಾರಿಗೆ ತಂದರು. ದೇಶದಲ್ಲೇ ಅಂಥ ಪ್ರಯೋಗ ಮೊದಲು ನಡೆದದ್ದು ಹೊಸೂರು, ಕೃಷ್ಣಗಿರಿ ಸೇರಿದ್ದ ಈ ನಮ್ಮ ಜಿಲ್ಲೆಯಲ್ಲಿ.

ರೈತರಿಗೆ ಅದಕ್ಕಿಂತ ದೊಡ್ಡದು 1938ರ ಸಾಲ ಪರಿಹಾರ ಕಾಯಿದೆ. 1930ರ ದಶಕದಲ್ಲಿ ಬೆಳೆಗೆ ಬೆಲೆ ಬಿದ್ದುಹೋಗಿ, ಅಸಲಿಗಿಂತ ಬಡ್ಡಿಯೇ ಬೆಟ್ಟವಾಗಿತ್ತು. ಈ ಕಾಯಿದೆ ಮಾಡಿದ್ದೇನೆಂದರೆ, 1932ರ ಅಕ್ಟೋಬರ್‌ಗೆ ಮುಂಚೆ ಮಾಡಿದ ಸಾಲಕ್ಕೆ 1937ರ ಅಕ್ಟೋಬರ್ 1ರವರೆಗೆ ಬಾಕಿ ನಿಂತ ಬಡ್ಡಿಯನ್ನೆಲ್ಲ ಹೊಡೆದುಹಾಕಿತು, ಅಸಲು ಕೊಟ್ಟರೆ ಸಾಕು ಎಂದಿತು. ಅಸಲಿನ ಎರಡರಷ್ಟು ಆಗಲೇ ಕಟ್ಟಿದ್ದ ರೈತನಿಗೆ ಸಾಲವೇ ಚುಕ್ತಾ. ಸಾಹುಕಾರರಿಗೆ ಸಿಟ್ಟು ಬಂತು, ಒಕ್ಕಲು ಮಕ್ಕಳು ಉಸಿರು ಬಿಟ್ಟರು.

ಇನ್ನು ವ್ಯಾಪಾರಿಗಳಿಗೆ ಸಂಬಂಧಪಟ್ಟ ಸಂಗತಿ. ಸೇಂದಿ, ಸಾರಾಯಿಯ ಹಣ ಬಿಟ್ಟ ಮೇಲೆ ಖಜಾನೆಗೆ ದಾರಿ ಬೇಕಲ್ಲ? 1939ರಲ್ಲಿ ರಾಜಾಜಿ ಸಾಮಾನ್ಯ ಮಾರಾಟ ತೆರಿಗೆ ತಂದರು. ಇಡೀ ದೇಶದಲ್ಲಿ ಅದೇ ಮೊದಲನೆಯದು. ಅತ್ತಿಬೆಲೆ ಚೆಕ್‌ಪೋಸ್ಟಿನಲ್ಲಿ ವರ್ಷಗಟ್ಟಲೆ ಲಾರಿ ನಿಲ್ಲಿಸಿ ಬಿಲ್ಲು ತೋರಿಸಿದ ನಮ್ಮ ವರ್ತಕರು, 2017ರಲ್ಲಿ ಜಿಎಸ್‌ಟಿ ಬರುವವರೆಗೂ ಬೈದುಕೊಂಡ ಆ ತೆರಿಗೆಯ ಬೇರು ತೊರಪಳ್ಳಿಯವರ ಕೈಯಿಂದ ನೆಟ್ಟದ್ದು! ಒಂದು ಮಾತು ಮಾತ್ರ ಒಪ್ಪಬೇಕು. ಪಾನನಿಷೇಧಕ್ಕೆ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ಅವರು ಮುಚ್ಚಿಡಲಿಲ್ಲ. ಸೌಲಭ್ಯ ಮಾತ್ರ ಹೇಳಿ ಬೆಲೆ ಹೇಳದೆ ಹೋಗುವುದು ಅವರ ಜಾಯಮಾನವಲ್ಲ. ಅದೇ ವರ್ಷ ದಲಿತರ ದೇವಾಲಯ ಪ್ರವೇಶಕ್ಕೂ ಕಾಯಿದೆಯ ಬಲ ಕೊಟ್ಟರು.

ಕೇಳದೆ ಮಾಡಿದ ಕೆಲಸ

ಅದೇ ಸರ್ಕಾರ ದೊಡ್ಡ ತಪ್ಪನ್ನೂ ಮಾಡಿತು. 1938ರಲ್ಲಿ 125 ಹೈಸ್ಕೂಲುಗಳಲ್ಲಿ ಹಿಂದಿ ಕಡ್ಡಾಯ ಎಂದು ಆಜ್ಞೆ ಹೊರಟಿತು. ತಮಿಳು ನಾಡು ಎದ್ದು ನಿಂತಿತು. ಸಾವಿರಕ್ಕೂ ಹೆಚ್ಚು ಮಂದಿ ಜೈಲಿಗೆ ಹೋದರು. ನಟರಾಜನ್, ತಾಳಮುತ್ತು ಎಂಬ ಇಬ್ಬರು ಬಂಧನದಲ್ಲಿದ್ದಾಗಲೇ 1939ರಲ್ಲಿ ಸತ್ತರು. ಆದರೂ ರಾಜಾಜಿ ಜಗ್ಗಲಿಲ್ಲ. ಯುದ್ಧದ ವಿಷಯದಲ್ಲಿ ಕಾಂಗ್ರೆಸ್ ಸರ್ಕಾರಗಳು ರಾಜೀನಾಮೆ ಕೊಟ್ಟು ಇಳಿದ ಮೇಲೆ, 1940ರ ಫೆಬ್ರವರಿಯಲ್ಲಿ ಗವರ್ನರು ಆ ಆಜ್ಞೆಯನ್ನು ವಾಪಸು ಪಡೆದರು.

ಗಡಿಯಲ್ಲಿ ಬದುಕುವ ನಮಗೆ ಇದರ ನೋವು ಬಿಡಿಸಿ ಹೇಳಬೇಕಾಗಿಲ್ಲ. 2006ರಲ್ಲಿ ತಮಿಳು ಕಲಿಕೆ ಕಡ್ಡಾಯ ಮಾಡುವ ಕಾಯಿದೆ ಬಂದಾಗ, ಹೊಸೂರು, ತಳಿ, ಡೆಂಕಣಿಕೋಟೆ ಕಡೆಯ ಕನ್ನಡ, ತೆಲುಗು ಶಾಲೆಗಳ ಮಕ್ಕಳ ತಂದೆತಾಯಿ ಅದೇ ಕಳವಳ ಪಟ್ಟರು. ಭಾಷೆ ಕಲಿಯುವುದಕ್ಕೆ ನಮ್ಮ ತಕರಾರಿಲ್ಲ. ಸಂತೆಯಲ್ಲಿ ಮೂರು ಭಾಷೆ ಆಡುವ ಜನ ನಾವು. ನಮ್ಮನ್ನು ಒಂದು ಮಾತು ಕೇಳದೆ ಮೇಲಿನಿಂದ ಹೇರಿದರೆ ಮಾತ್ರ ಕಲಿಯೋ ಮನಸ್ಸೂ ಮುರಿಯುತ್ತದೆ.

ಒಂಟಿಯಾಗಿ ನಿಂತ ಧೈರ್ಯ

1942ರಲ್ಲಿ ಇಡೀ ಕಾಂಗ್ರೆಸ್ ಕ್ವಿಟ್ ಇಂಡಿಯಾ ಎಂದಾಗ ರಾಜಾಜಿ ಒಪ್ಪಲಿಲ್ಲ. ಮುಸ್ಲಿಂ ಲೀಗಿನ ಜೊತೆ ರಾಜಿಗೆ ಬರಬೇಕು ಎಂಬುದು ಅವರ ವಾದ. ಪಕ್ಷ ಬಿಟ್ಟರು, ಶಾಸನಸಭೆಯ ಸ್ಥಾನವನ್ನೂ ಬಿಟ್ಟರು. ಜನರ ಕಣ್ಣಲ್ಲಿ ದ್ರೋಹಿಯಾದರು. ಕೆಲವರ್ಷದಲ್ಲೇ ಕಾಂಗ್ರೆಸ್ ಅವರನ್ನು ಮತ್ತೆ ಕರೆಯಿತು. ಸ್ವಾತಂತ್ರ್ಯ ಬಂದ ದಿನ ಪಶ್ಚಿಮ ಬಂಗಾಳದ ರಾಜ್ಯಪಾಲರಾದರು. 1948ರ ಜೂನ್ 21ರಂದು ಮೌಂಟ್‌ಬ್ಯಾಟನ್ ಅವರ ನಂತರ ಗವರ್ನರ್ ಜನರಲ್ ಆದರು. ಆ ಹುದ್ದೆಯಲ್ಲಿ ಕೂತ ಭಾರತೀಯರು ಅವರೊಬ್ಬರೇ.

1950ರಲ್ಲಿ ಗಣರಾಜ್ಯವಾದಾಗ ಅವರು ರಾಷ್ಟ್ರಪತಿಯಾಗಲಿ ಎಂಬ ಆಸೆ ನೆಹರೂ ಅವರಿಗಿತ್ತು. 1942ರ ಸಿಟ್ಟು ಪಕ್ಷದವರಲ್ಲಿ ಆರಿರಲಿಲ್ಲ, ಬಾಬು ರಾಜೇಂದ್ರ ಪ್ರಸಾದರು ರಾಷ್ಟ್ರಪತಿಯಾದರು. ರಾಜಾಜಿ ಮುನಿಸಿಕೊಂಡು ಮೂಲೆ ಸೇರಲಿಲ್ಲ. ಕೇಂದ್ರದಲ್ಲಿ ಮಂತ್ರಿಯಾಗಿ ದುಡಿದರು, ಪಟೇಲರು ತೀರಿಕೊಂಡ ಮೇಲೆ ಗೃಹಖಾತೆ ನೋಡಿಕೊಂಡರು. 1952ರಲ್ಲಿ ಮದ್ರಾಸಿನ ಮುಖ್ಯಮಂತ್ರಿಯಾಗಿ ಬಂದರು. ಇಡೀ ದೇಶದ ಮೊದಲ ಕುರ್ಚಿಯಲ್ಲಿ ಕೂತಿದ್ದವರು ಒಂದು ರಾಜ್ಯದ ಕುರ್ಚಿಗೆ ಇಳಿದು ಬರುವುದು ಸಣ್ಣ ಮಾತಲ್ಲ.

ಆದರೆ ಬಂದ ದಾರಿ ಸರಿಯಿರಲಿಲ್ಲ. ಕಾಂಗ್ರೆಸ್‌ಗೆ 375ರಲ್ಲಿ 152 ಸ್ಥಾನ ಮಾತ್ರ. ರಾಜಾಜಿ ಚುನಾವಣೆಗೇ ನಿಂತಿರಲಿಲ್ಲ. ರಾಜ್ಯಪಾಲರು ವಿಧಾನ ಪರಿಷತ್ತಿಗೆ ನಾಮಕರಣ ಮಾಡಿ ಅವರನ್ನು ಕರೆತಂದರು. 1937ರಲ್ಲೂ ಅವರು ಗೆದ್ದದ್ದು ಪದವೀಧರರು ಓಟು ಹಾಕುವ ವಿಶ್ವವಿದ್ಯಾಲಯ ಕ್ಷೇತ್ರದಿಂದ. ಅಂದರೆ ಹೊಲದಲ್ಲಿ ದುಡಿಯುವವನ ಮುಂದೆ ಕೈಮುಗಿದು ಓಟು ಕೇಳುವ ಕೆಲಸ ಅವರ ಪಾಲಿಗೆ ಬರಲೇ ಇಲ್ಲ.

ಅದರ ಫಲ ಬೇಗ ಕಂಡಿತು. ಧಾನ್ಯದ ಕಂಟ್ರೋಲ್, ರೇಷನ್ ತೆಗೆದುಹಾಕಿದಾಗ ರೈತರೂ ವರ್ತಕರೂ ಹೊಗಳಿದರು. 1953ರಲ್ಲಿ ಮಾತ್ರ ಹಳ್ಳಿ ಶಾಲೆಗಳಿಗೆ ಹೊಸ ಯೋಜನೆ ತಂದರು. ಮಕ್ಕಳಿಗೆ ಅರ್ಧ ದಿನ ಪಾಠ, ಉಳಿದ ಹೊತ್ತು ಮನೆಯ ಕಸುಬು. ಹೆಚ್ಚು ಮಕ್ಕಳಿಗೆ ಶಾಲೆ ಸಿಗಲಿ ಎಂಬುದು ಅವರ ಲೆಕ್ಕ. ಕ್ಷೌರಿಕನ ಮಗ ಕ್ಷೌರಿಕನಾಗೇ ಇರಬೇಕಾ ಎಂಬುದು ಜನರ ಪ್ರಶ್ನೆ. ಕುಲಕಸುಬಿನ ಶಿಕ್ಷಣ ಎಂಬ ಹೆಸರು ಅಂಟಿಕೊಂಡಿತು. ಸ್ವಂತ ಪಕ್ಷದವರನ್ನೂ ಕೇಳದೆ ತಂದ ಯೋಜನೆಗೆ ಸ್ವಂತ ಪಕ್ಷದವರೇ ತಿರುಗಿಬಿದ್ದರು. 1954ರ ಏಪ್ರಿಲ್‌ನಲ್ಲಿ ಅವರು ಇಳಿದರು. ನಂತರ ಬಂದ ಕಾಮರಾಜರು ಯೋಜನೆಯನ್ನು ರದ್ದು ಮಾಡಿದರು. ಕಾಮರಾಜರು ಹೆಚ್ಚು ಓದಿದವರಲ್ಲ, ಆದರೆ ಜನರ ನಾಡಿ ಬಲ್ಲವರು.

ಅಪ್ಪ ಒಂದು ಪಕ್ಷ, ಮಗ ಇನ್ನೊಂದು

ರಾಜಾಜಿಯವರಿಗೆ 1954ರಲ್ಲೇ ಭಾರತರತ್ನ ಬಂತು. ಆ ಗೌರವ ಪಡೆದ ಮೊದಲ ಮೂವರಲ್ಲಿ ಒಬ್ಬರು. ಎಂಬತ್ತರ ವಯಸ್ಸಿನಲ್ಲಿ ಬೇರೆಯವರು ಮೊಮ್ಮಕ್ಕಳ ಜೊತೆ ಕೂರುತ್ತಾರೆ. ಇವರು 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿದರು. ರೈತರ ಭೂಮಿಯನ್ನು ಸಹಕಾರಿ ಬೇಸಾಯಕ್ಕೆ ಸೇರಿಸುವ ಕಾಂಗ್ರೆಸ್ ನಿರ್ಣಯವನ್ನೂ, ಎಲ್ಲದಕ್ಕೂ ಪರ್ಮಿಟ್ ಕೇಳುವ ಆಡಳಿತವನ್ನೂ ಎದುರಿಸಿದರು. 1962ರಲ್ಲಿ ಲೋಕಸಭೆಯಲ್ಲಿ 18, 1967ರಲ್ಲಿ 44 ಸ್ಥಾನ ಬಂದವು. 1971ರಲ್ಲಿ ಎಂಟಕ್ಕೆ ಇಳಿಯಿತು.

ಕೃಷ್ಣಗಿರಿಯವರಿಗೆ ನೆನಪಿಸಬೇಕಾದ ಮಾತೊಂದಿದೆ. 1952 ಮತ್ತು 1957ರಲ್ಲಿ ಇಲ್ಲಿಂದ ಲೋಕಸಭೆಗೆ ಗೆದ್ದವರು ರಾಜಾಜಿಯವರ ಮಗ ಸಿ.ಆರ್. ನರಸಿಂಹನ್, ಕಾಂಗ್ರೆಸ್ಸಿನಿಂದ. ಅಪ್ಪ ಕಾಂಗ್ರೆಸ್ ವಿರುದ್ಧ ಪಕ್ಷ ಕಟ್ಟಿದಾಗ ಮಗ ಕಾಂಗ್ರೆಸ್ ಸಂಸದ! ಮಗನಿಗಾಗಿ ಅಪ್ಪ ತನ್ನ ಮಾತನ್ನು ಮೆತ್ತಗೆ ಮಾಡಲಿಲ್ಲ.

ಹಿಂದಿ ವಿಷಯದಲ್ಲೂ ಅವರು ಬದಲಾದರು. ಒಮ್ಮೆ ಕಡ್ಡಾಯ ಮಾಡಿದವರು, ಹಿಂದಿಯೊಂದೇ ಆಡಳಿತ ಭಾಷೆಯಾಗಬಾರದು ಎಂದು ಮುಪ್ಪಿನಲ್ಲಿ ಹೋರಾಡಿದರು. 1967ರಲ್ಲಿ ಹಳೆಯ ಎದುರಾಳಿ ಡಿಎಂಕೆಯ ಜೊತೆ ಕೈಜೋಡಿಸಿ ಕಾಂಗ್ರೆಸ್ ಆಡಳಿತವನ್ನು ಕೆಡವಿದರು. ಆದರೆ 1971ರಲ್ಲಿ ಅದೇ ಡಿಎಂಕೆ ಸರ್ಕಾರ ಪಾನನಿಷೇಧ ತೆಗೆಯಲು ಹೊರಟಾಗ, ತೊಂಬತ್ತೆರಡರ ಮುದುಕ ಮುಖ್ಯಮಂತ್ರಿ ಕರುಣಾನಿಧಿಯವರ ಮನೆಗೇ ಹೋಗಿ ಬೇಡ ಅಂತ ಕೇಳಿಕೊಂಡರು. ಮಾತು ನಡೆಯಲಿಲ್ಲ. ಮುಂದಿನ ವರ್ಷ, 1972ರ ಡಿಸೆಂಬರ್ 25ರಂದು, ತೀರಿಕೊಂಡರು.

ತಕ್ಕಡಿ ಎತ್ತಿ ನೋಡಿದರೆ

ಕೈ ಶುದ್ಧವಾಗಿತ್ತಾ? ಅವರ ವೈರಿಗಳೂ ಅದರಲ್ಲಿ ಬೆರಳು ತೋರಿಸಲಿಲ್ಲ. ಎದೆಗಾರಿಕೆ? ಬೇಕಾದಷ್ಟು. ಕುರ್ಚಿ ಬಿಡುವ ಮನಸ್ಸು? ಅದೂ ಇತ್ತು. ತಕ್ಕಡಿ ಏರುಪೇರಾದದ್ದು ಒಂದೇ ಕಡೆ, ಕೇಳುವ ಕಿವಿಯಲ್ಲಿ. ಜನರಿಗೆ ಏನು ಒಳ್ಳೆಯದು ಎಂದು ಜನರಿಗಿಂತ ತನಗೇ ಚೆನ್ನಾಗಿ ಗೊತ್ತು ಎಂದುಕೊಂಡರು. ಸಾಲದ ವಿಷಯದಲ್ಲಿ ಅದು ನಿಜವಾಯಿತು, ಶಾಲೆಯ ವಿಷಯದಲ್ಲಿ ಸುಳ್ಳಾಯಿತು. ಎರಡು ಸಲವೂ ಅವರ ಸರ್ಕಾರದ ಹೆಸರು ಕೆಟ್ಟದ್ದು ಮಕ್ಕಳ ಪಾಠದ ವಿಷಯಕ್ಕೆ ಕೈಹಾಕಿದಾಗ ಎಂಬುದನ್ನು ಇಂದಿನ ನಾಯಕರೂ ನೆನಪಿಡಬೇಕು.

ಆದ್ದರಿಂದ ಓಟು ಕೇಳಲು ಬರುವವರ ಕೈ ನೋಡಿದರಷ್ಟೇ ಸಾಲದು, ನಾವು ಮಾತಾಡುವಾಗ ಅವರ ಕಿವಿ ಎಲ್ಲಿದೆ ಅಂತಲೂ ನೋಡೋಣ. ಶುದ್ಧ ಕೈಯವರು ಕೇಳಿಸಿಕೊಳ್ಳದಿದ್ದರೂ ಬರೆ ಬೀಳುವುದು ಬಡವರ ಮಕ್ಕಳಿಗೇ. ತೊರಪಳ್ಳಿಯಲ್ಲಿ ಅವರು ಹುಟ್ಟಿದ ಸಣ್ಣ ಮನೆಯನ್ನು ಸರ್ಕಾರ ಸ್ಮಾರಕ ಮಾಡಿದೆ. ಹೊಸೂರು ಸಂತೆಗೆ ಹೋದಾಗ ಬಿಡುವು ಮಾಡಿಕೊಂಡು ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ. ಅಷ್ಟು ಸಣ್ಣ ಮನೆಯಿಂದ ಅಷ್ಟು ಎತ್ತರಕ್ಕೆ ಹೋಗಬಹುದು ಎಂಬುದನ್ನೂ, ಅಷ್ಟು ಎತ್ತರದಿಂದ ಕೆಳಗಿನ ದನಿ ಕೇಳಿಸದೆ ಹೋಗಬಹುದು ಎಂಬುದನ್ನೂ, ಎರಡನ್ನೂ ಅವರಿಗೆ ಹೇಳಿ.