ವೈನ್ ಆರೋಗ್ಯಕ್ಕೆ ಒಳ್ಳೆಯದು ಎಂದು ಲೂಯಿ ಪಾಶ್ಚರ್ ಹೇಳಿದ್ದು ನಿಜವೇ? ಇಲ್ಲಿದೆ ಪೂರ್ತಿ ಕಥೆ

ದಿನಾ ಒಂದು ಗ್ಲಾಸ್ ವೈನ್ ಕುಡಿದರೆ ಒಳ್ಳೆಯದು, ಮಹಾನ್ ವಿಜ್ಞಾನಿ ಲೂಯಿ ಪಾಶ್ಚರ್ ಅವರೇ ಹಾಗೆ ಹೇಳಿದ್ದಾರೆ ಎನ್ನುವ ಸಂದೇಶ ನಿಮ್ಮ ವಾಟ್ಸ್ಆ್ಯಪ್‌ಗೂ ಬಂದಿರಬಹುದು. ಹುಚ್ಚುನಾಯಿ ಕಡಿತಕ್ಕೆ ಲಸಿಕೆ ಕಂಡುಹಿಡಿದವರ ಹೆಸರಿದ್ದರೆ ಯಾರೂ ನಂಬುತ್ತಾರೆ. ಇದು ಪೂರ್ತಿ ಸುಳ್ಳಲ್ಲ, ಆದರೆ ಅರ್ಧ ಕಥೆ ಮಾತ್ರ. ಉಳಿದರ್ಧ ಅವರ ಬದುಕಿನಲ್ಲೇ ಇದೆ. ಬನ್ನಿ, ನೋಡೋಣ.

ವೈನ್ ಊರಿನ ಹುಡುಗ

ಪಾಶ್ಚರ್ ಹುಟ್ಟಿದ್ದು 1822ರ ಡಿಸೆಂಬರ್ 27ರಂದು, ಫ್ರಾನ್ಸ್‌ನ ಡೋಲ್ ಎಂಬ ಊರಿನಲ್ಲಿ. ತಂದೆ ಚರ್ಮ ಹದ ಮಾಡುವ ಕೆಲಸ ಮಾಡುತ್ತಿದ್ದರು. ಹುಡುಗ ಬೆಳೆದದ್ದು ಜ್ಯೂರಾ ಪ್ರದೇಶದ ಆರ್ಬ್ವಾದಲ್ಲಿ. ಅದು ದ್ರಾಕ್ಷಿ ತೋಟಗಳ ಊರು.

ಈ ಜ್ಯೂರಾದಲ್ಲಿ ಒಂದು ವಿಚಿತ್ರ ವೈನ್ ಇದೆ. ಹೆಸರು ಹಳದಿ ವೈನ್. ಪೀಪಾಯಿಯಲ್ಲಿ ವೈನ್ ಆವಿಯಾಗಿ ಕಡಿಮೆಯಾದರೂ ಮತ್ತೆ ತುಂಬಿಸುವುದಿಲ್ಲ. ಮೇಲೆ ಯೀಸ್ಟ್‌ನ ತೆಳುವಾದ ಕೆನೆ ಕಟ್ಟುತ್ತದೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಅದಕ್ಕೆ ಅಕ್ರೋಟಿನಂಥ ರುಚಿ ಬರುತ್ತದೆ. ಬೇರೆ ಕಡೆ ಮೇಲೆ ಕೆನೆ ಕಟ್ಟಿತೆಂದರೆ ವೈನ್ ವಿನೆಗರ್ ಆಗುತ್ತಿದೆ ಎಂಬ ಭಯ. ನೋಡಲು ಎರಡೂ ಕೆನೆಯೇ. ಆದರೆ ಎರಡರಲ್ಲೂ ಇರುವ ಜೀವಿಗಳು ಬೇರೆ ಬೇರೆ ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸಿದವರು ಪಾಶ್ಚರ್.

ಊರಿಗೊಂದು ವೈನ್, ವೈನಿಗೊಂದು ಕಾಯಿಲೆ

1860ರ ದಶಕದಲ್ಲಿ ಫ್ರಾನ್ಸ್‌ನ ವೈನ್ ಕೆಡುತ್ತಿತ್ತು, ವ್ಯಾಪಾರ ನಷ್ಟದಲ್ಲಿತ್ತು. ಕಾರಣ ಹುಡುಕುವಂತೆ 1863ರಲ್ಲಿ ಚಕ್ರವರ್ತಿ ಮೂರನೇ ನೆಪೋಲಿಯನ್ ಪಾಶ್ಚರ್ ಅವರನ್ನು ಕೇಳಿಕೊಂಡ. ಅವರು ಆರ್ಬ್ವಾದಲ್ಲೇ ಒಂದು ಸಣ್ಣ ಪ್ರಯೋಗಾಲಯ ಮಾಡಿಕೊಂಡು ಬೇರೆ ಬೇರೆ ಪ್ರದೇಶಗಳ ವೈನ್‌ಗಳನ್ನು ಹೋಲಿಸಿದರು. ಬರ್ಗಂಡಿಯ ಕೆಂಪು ವೈನ್ ಕಹಿಯಾಗುತ್ತಿತ್ತು. ಶಾಂಪೇನ್ ಕಡೆಯ ಬಿಳಿ ವೈನ್ ಎಣ್ಣೆಯಂತೆ ಲೋಳೆಯಾಗುತ್ತಿತ್ತು. ಒಂದೊಂದು ಕೆಟ್ಟ ರುಚಿಯ ಜೊತೆಗೂ ಒಂದೊಂದು ಬಗೆಯ ಸೂಕ್ಷ್ಮಜೀವಿ ಕಾಣಿಸಿತು.

ಪರಿಹಾರ ಸರಳವಾಗಿತ್ತು. ವೈನ್ ಅನ್ನು ಕುದಿಸದೆ, ಸುಮಾರು 50ರಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ ಬಿಸಿ ಮಾಡುವುದು. 1865ರಲ್ಲಿ ಈ ವಿಧಾನಕ್ಕೆ ಪೇಟೆಂಟ್ ಪಡೆದರೂ ಅದನ್ನು ಎಲ್ಲರ ಬಳಕೆಗೆ ಬಿಟ್ಟುಕೊಟ್ಟರು.

ಕಾಯಿಸಿದರೆ ರುಚಿ ಕೆಡುತ್ತದೆ ಎಂದು ಹಲವರು ತಕರಾರು ತೆಗೆದರು. ಪಾಶ್ಚರ್ ವಾದಕ್ಕೆ ನಿಲ್ಲಲಿಲ್ಲ. ಕಾಯಿಸಿದ್ದನ್ನೂ ಕಾಯಿಸದ್ದನ್ನೂ ರುಚಿ ನೋಡುವ ಪರಿಣತರ ಮುಂದೆ ಇಟ್ಟರು. 1868ರಲ್ಲಿ ಒಂದು ನೌಕಾಪಡೆ ಹಡಗಿನಲ್ಲೂ ಎರಡೂ ಬಗೆಯ ವೈನ್ ಕಳಿಸಿ ನೋಡಲಾಯಿತು. ತಿಂಗಳುಗಟ್ಟಲೆ ಸಮುದ್ರದ ಮೇಲಿದ್ದು ಬಂದಾಗ ಕಾಯಿಸಿದ್ದು ಚೆನ್ನಾಗಿಯೇ ಇತ್ತು, ಕಾಯಿಸದ್ದು ಹುಳಿಯಾಗತೊಡಗಿತ್ತು. ಇಂದು ನಮ್ಮ ಮನೆಗೆ ಬರುವ ಪ್ಯಾಕೆಟ್ ಹಾಲಿನ ಪಾಶ್ಚರೀಕರಣಕ್ಕೆ ಮೂಲ ಇದೇ ವೈನ್ ಪ್ರಯೋಗ.

ಹಾಗಾದರೆ ಆ ಮಾತು?

ವೈನ್ ಕುರಿತ ಅವರ ಪುಸ್ತಕ 1866ರಲ್ಲಿ ಬಂತು. ಪಾನೀಯಗಳಲ್ಲೆಲ್ಲ ವೈನೇ ಹೆಚ್ಚು ಶುಚಿ, ಆರೋಗ್ಯಕರ ಎಂಬ ಅರ್ಥದ ಮಾತು ಅದರಲ್ಲಿ ಇರುವುದು ನಿಜ. ಆದರೆ ಅಂದಿನ ಕುಡಿಯುವ ನೀರು ಹೇಗಿತ್ತು? ಕೊಳೆ ನೀರಿನಿಂದ ಕಾಲರಾ, ಟೈಫಾಯ್ಡ್ ಹರಡುತ್ತಿದ್ದ ಕಾಲ ಅದು.

ಆ ನೋವು ಪಾಶ್ಚರ್ ಮನೆಗೂ ಹೊಸದಲ್ಲ. 1859ರಲ್ಲಿ 9 ವರ್ಷದ ಹಿರಿಯ ಮಗಳು ಜೀನ್ ಆರ್ಬ್ವಾದಲ್ಲೇ ಟೈಫಾಯ್ಡ್‌ನಿಂದ ತೀರಿಕೊಂಡಳು. 1865ರಲ್ಲಿ 2 ವರ್ಷದ ಕಮೀಲ್ ಹೋದಳು. ವೈನ್ ಪುಸ್ತಕ ಬಂದ 1866ರಲ್ಲೇ 12 ವರ್ಷದ ಸೆಸಿಲ್ ಕೂಡ ಟೈಫಾಯ್ಡ್‌ಗೆ ಬಲಿಯಾದಳು. ಟೈಫಾಯ್ಡ್ ತರುವ ಬ್ಯಾಕ್ಟೀರಿಯಾ ಯಾವುದೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಅದು ತಿಳಿದದ್ದು 1880ರಲ್ಲಿ.

ಕೊಳೆ ನೀರಿನ ಪಕ್ಕ ಇಟ್ಟು ನೋಡಿದರೆ ವೈನ್ ಶುಚಿಯಾಗಿಯೇ ಕಂಡೀತು. ಆದರೆ ಮದ್ಯಕ್ಕೂ ಕ್ಯಾನ್ಸರ್‌ಗೂ ಇರುವ ನಂಟು ಆಗ ತಿಳಿದಿರಲಿಲ್ಲ. 1988ರಲ್ಲಿ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಲಾಯಿತು. ಮದ್ಯಕ್ಕೆ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿತು. ವೈನ್‌ಗೂ ಇದು ಅನ್ವಯ.

ಪಾಶ್ಚರ್ 1868ರಲ್ಲಿ ಪಾರ್ಶ್ವವಾಯುವಿಗೆ ಒಳಗಾದರೂ ಕೆಲಸ ಬಿಡಲಿಲ್ಲ. 1885ರಲ್ಲಿ ಹುಚ್ಚುನಾಯಿ ಕಡಿದ ಬಾಲಕನಿಗೆ ಲಸಿಕೆ ಕೊಡಿಸಿದರು. 1895ರ ಸೆಪ್ಟೆಂಬರ್ 28ರಂದು ನಿಧನರಾದರು.

ನಾವು ಹೇಳುವುದಿಷ್ಟೇ: ದೊಡ್ಡವರು ಹೇಳಿದರು ಎಂಬ ಒಂದೇ ಕಾರಣಕ್ಕೆ ನಂಬಬೇಡಿ ಎಂಬುದನ್ನು ಪಾಶ್ಚರ್ ಬದುಕೇ ಕಲಿಸುತ್ತದೆ. ಕಾಯಿಸಿದ್ದನ್ನೂ ಕಾಯಿಸದ್ದನ್ನೂ ಪಕ್ಕಪಕ್ಕ ಇಟ್ಟು ಪರೀಕ್ಷಿಸಿದವರು ಅವರು. ಆ ಸಂದೇಶ ಮತ್ತೆ ಬಂದರೆ ಫಾರ್ವರ್ಡ್ ಮಾಡುವ ಬದಲು ಈ ಪೂರ್ತಿ ಕಥೆಯನ್ನು ಕಳಿಸಿ.