ಹಕೀಮ್ ರಾಝಿ ಮತ್ತು ಕಣ್ಣಿನ ಪಾಪೆ

ನೋಟ ಮಂಜಾದರೆ ಕನ್ನಡಕ ಬದಲಿಸಿದರಾಯಿತು ಎಂದು ಹಲವರು ಭಾವಿಸುತ್ತಾರೆ. ಆದರೆ ಕಣ್ಣು ಹೊರಗೆ ತಿಳಿಯಾಗಿದ್ದರೂ ಅದನ್ನು ಮೆದುಳಿಗೆ ಜೋಡಿಸುವ ನರ ಕೆಟ್ಟರೆ ದೃಷ್ಟಿ ಕುಂದುತ್ತದೆ. ಈ ಒಳಗಿನ ರೋಗದ ಸುಳಿವು ಕೊಡುವುದು ಕಣ್ಣಿನ ಪಾಪೆ. ಅದು ಬೆಳಕಿಗೆ ಕುಗ್ಗಿ ಕತ್ತಲೆಗೆ ಹಿಗ್ಗುವುದೇಕೆಂದು ಸಾವಿರ ವರ್ಷಗಳಿಗೂ ಹಿಂದೆ ಒಂದು ಪ್ರತ್ಯೇಕ ಕೃತಿಯನ್ನೇ ಬರೆದವರು ಅಬೂಬಕರ್ ಮುಹಮ್ಮದ್ ಬಿನ್ ಝಕರಿಯ್ಯಾ ರಾಝಿ.

ಹಿಜರಿ 251ರಲ್ಲಿ (ಕ್ರಿ.ಶ. 865) ಇಂದಿನ ತೆಹರಾನಿನ ಸಮೀಪದ ರಯ್ ಪಟ್ಟಣದಲ್ಲಿ ಅವರು ಜನಿಸಿದರು. ರಯ್ ಮತ್ತು ಬಗ್ದಾದಿನ ಆಸ್ಪತ್ರೆಗಳ ಮುಖ್ಯ ವೈದ್ಯರಾದರು. ಅವರ ಸುತ್ತ ಶಿಷ್ಯರು ಸಾಲುಸಾಲಾಗಿ ಕುಳಿತಿರುತ್ತಿದ್ದರು. ಬಂದ ರೋಗಿಯನ್ನು ಮೊದಲು ಹೊರಗಿನ ಸಾಲಿನವರು ವಿಚಾರಿಸುತ್ತಿದ್ದರು. ಅವರಿಗೆ ತಿಳಿಯದಿದ್ದರೆ ಒಳಗಿನ ಸಾಲಿನವರು, ಅವರಿಗೂ ತಿಳಿಯದಿದ್ದರೆ ಕೊನೆಗೆ ರಾಝಿಯವರು. ತಿಳಿಯದ್ದನ್ನು ತಿಳಿದಂತೆ ನಟಿಸದೆ ಬಲ್ಲವರ ಬಳಿಗೆ ಕಳುಹಿಸುವ ಶಿಸ್ತು ಅಲ್ಲಿತ್ತು. ಬಡ ರೋಗಿಗಳನ್ನು ಅವರೇ ಹೋಗಿ ವಿಚಾರಿಸಿ ಜೀವನಕ್ಕೂ ನೆರವಾಗುತ್ತಿದ್ದರು.

ತಮ್ಮ ಬೃಹತ್ ವೈದ್ಯ ಸಂಗ್ರಹಕ್ಕಾಗಿ ಅವರು ಹದಿನೈದು ವರ್ಷ ಹಗಲಿರುಳು ಬರೆದರು. ಅದರಿಂದ ಕಣ್ಣು ಮಸುಕಾಯಿತು, ಕೈಯ ಸ್ನಾಯುಗಳು ಸೋತವು. ಆದರೂ ಜ್ಞಾನಾರ್ಜನೆ ನಿಲ್ಲಲಿಲ್ಲ. ಇತರರಿಂದ ಓದಿಸಿ ಕೇಳಿದರು, ಇತರರಿಂದ ಬರೆಸಿದರು. ಕೊನೆಗಾಲದಲ್ಲಿ ದೃಷ್ಟಿ ಪೂರ್ತಿ ಹೋಯಿತು. ಹಿಜರಿ 313ರಲ್ಲಿ (ಕ್ರಿ.ಶ. 925) ಅವರು ಇಹಲೋಕ ತ್ಯಜಿಸಿದರು. ಅವರ ಟಿಪ್ಪಣಿಗಳನ್ನು ಸೇರಿಸಿ ಶಿಷ್ಯರು ಸಿದ್ಧಪಡಿಸಿದ 'ಅಲ್ ಹಾವಿ' ಗ್ರಂಥವನ್ನು 1955ರಿಂದ ಹೈದರಾಬಾದಿನ ದಾಯಿರತುಲ್ ಮಆರಿಫ್ 23 ಸಂಪುಟಗಳಲ್ಲಿ ಮುದ್ರಿಸಿತು. ಎರಡನೆಯ ಸಂಪುಟ ಕಣ್ಣಿನ ರೋಗಗಳಿಗೇ ಮೀಸಲು.

ಬೆಳಕಿನ ಸಂದೇಶ ಒಂದು ನರದಿಂದ ಮೆದುಳಿಗೆ ಹೋಗಿ, ಇನ್ನೊಂದು ನರದಿಂದ ಪಾಪೆಗೆ ಮರಳುತ್ತದೆ ಎಂಬುದು ನಂತರದ ಕಾಲದಲ್ಲಿ ತಿಳಿದುಬಂತು. ಇಂದು ಶಿವಮೊಗ್ಗದ ಸವಳಂಗ ರಸ್ತೆಯಲ್ಲಾಗಲಿ ಭದ್ರಾವತಿಯಲ್ಲಾಗಲಿ, ಕಣ್ಣಿನ ವೈದ್ಯರು ಎರಡೂ ಕಣ್ಣಿಗೆ ಸರದಿಯಂತೆ ಟಾರ್ಚು ಹಿಡಿದು ನೋಡುವುದು ಇದನ್ನೇ. ಬರೀ ಪೊರೆ ಬಂದ ಕಣ್ಣಿನಲ್ಲಿ ಪಾಪೆ ಸಾಮಾನ್ಯವಾಗಿ ಚುರುಕಾಗಿ ಕುಗ್ಗುತ್ತದೆ. ಒಂದು ಕಣ್ಣಿನ ನರ ಕೆಟ್ಟಿದ್ದರೆ ಆ ಕಣ್ಣಿಗೆ ಬಿದ್ದ ಬೆಳಕಿಗೆ ಪಾಪೆ ಮಂದವಾಗಿ ಸ್ಪಂದಿಸುತ್ತದೆ.

ಆದುದರಿಂದ ಹಠಾತ್ತನೆ ನೋಟ ಕುಂದಿದರೆ, ಒಂದೇ ವಸ್ತು ಎರಡಾಗಿ ಕಂಡರೆ, ರೆಪ್ಪೆ ಇಳಿಬಿದ್ದರೆ, ಒಂದು ಪಾಪೆ ಇನ್ನೊಂದಕ್ಕಿಂತ ದೊಡ್ಡದಾದರೆ ಮನೆಮದ್ದಿನಲ್ಲಿ ಕಾಲ ಕಳೆಯಬಾರದು. ಕೂಡಲೇ ವೈದ್ಯರಲ್ಲಿಗೆ ಹೋಗಬೇಕು. ದುಆ ಮಾಡೋಣ, ಚಿಕಿತ್ಸೆಯನ್ನೂ ಪಡೆಯೋಣ. ಪ್ರವಾದಿವರ್ಯರು(ಸ) ಕಲಿಸಿದ ದಾರಿ ಅದೇ. ಕಣ್ಣು ಅಲ್ಲಾಹನ ಅಮಾನತ್ತು. ಅದನ್ನು ಕಾಪಾಡುವುದೂ ಕೃತಜ್ಞತೆಯ ಒಂದು ರೂಪ.