ವಾದ್ಯಗಳನ್ನು ಒಂದುಗೂಡಿಸಿದ ಅಡಾಲ್ಫ್ ಸ್ಯಾಕ್ಸ್

ಹಬ್ಬದ ಮೆರವಣಿಗೆಯ ಮುಂದೆ ಬ್ಯಾಂಡು ಮೊಳಗುವಾಗ ಹರ್ಷಿಸುವ ನಾವು, ಹಿತ್ತಾಳೆಯ ವಾದ್ಯಗಳಿಗೆ ಹೊಸ ರೂಪವಿತ್ತ ಅಡಾಲ್ಫ್ ಸ್ಯಾಕ್ಸ್ ಅವರನ್ನು ಸ್ಮರಿಸುವುದು ವಿರಳ.

ಲೋಹದ ಕುಸುರಿಗೆ ಹೆಸರಾದ, ಇಂದಿನ ಬೆಲ್ಜಿಯಂ ದೇಶದ ದಿನಾಂ ಪಟ್ಟಣದಲ್ಲಿ ಅವರು 1814ರ ನವೆಂಬರ್ 6ರಂದು ಜನಿಸಿದರು. ವಾದ್ಯ ತಯಾರಕರಾಗಿದ್ದ ತಂದೆಯ ಕಾರ್ಯಾಗಾರವೇ ಅವರ ಪಾಠಶಾಲೆಯಾಯಿತು. 1842ರಲ್ಲಿ ಪ್ಯಾರಿಸ್ ಸೇರಿದ ಅವರು ಸ್ಯಾಕ್ಸ್‌ಹಾರ್ನ್ ಎಂಬ ವಾದ್ಯ ಕುಟುಂಬವನ್ನೇ ರೂಪಿಸಿದರು. ಅವುಗಳ ಗಾತ್ರ ಬೇರೆ ಬೇರೆ. ಬೆರಳಾಟ ಮಾತ್ರ ಒಂದೇ. ಒಂದನ್ನು ಕಲಿತವನಿಗೆ ಇನ್ನೊಂದು ಸುಲಭವಾಯಿತು. ಡಿಸ್ಟಿನ್ ಕುಟುಂಬದ ವಾದಕರು 1844ರಲ್ಲಿ ಇವುಗಳನ್ನು ಪ್ಯಾರಿಸಿನಲ್ಲಿ ಕಂಡು ಮೆಚ್ಚಿ, ಬ್ರಿಟನ್ನಿನಲ್ಲಿ ಪ್ರಚುರಪಡಿಸಿದರು. ಅಲ್ಲಿನ ಗಣಿ, ಗಿರಣಿಗಳ ಊರುಗಳಲ್ಲಿ ದುಡಿದು ದಣಿದ ಕಾರ್ಮಿಕರು ಸಂಜೆ ಒಂದುಗೂಡಿ ನುಡಿಸುವ ಬ್ಯಾಂಡುಗಳು ಬೆಳೆಯಲು ಇವು ನೆರವಾದವು.

1846ರಲ್ಲಿ ಸ್ಯಾಕ್ಸೋಫೋನಿಗೆ ಪೇಟೆಂಟ್ ದೊರೆಯಿತು. ಎದುರಾಳಿ ತಯಾರಕರು ಸಹಿಸದೆ ನ್ಯಾಯಾಲಯಕ್ಕೆಳೆದರು. ಸ್ಯಾಕ್ಸ್ ಅವರೂ ಮಣಿಯದೆ ವ್ಯಾಜ್ಯ ಹೂಡಿದರು. 1852, 1873, 1877, ಹೀಗೆ ಮೂರು ಬಾರಿ ದಿವಾಳಿಯಾದ ಅವರು 1894ರಲ್ಲಿ ಪ್ಯಾರಿಸಿನಲ್ಲಿ ನಿಧನರಾದರು.

ಅವರ ವಾದ್ಯವು ಗಡಿಗಳನ್ನು ದಾಟಿತು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತ ಕದ್ರಿ ಗೋಪಾಲನಾಥರು ಅದನ್ನು ಕರ್ನಾಟಕ ಸಂಗೀತಕ್ಕೆ ಒಲಿಸಿಕೊಂಡರು.

ಹತ್ತಾರು ವಾದ್ಯಗಳನ್ನು ಒಂದೇ ಶ್ರುತಿಗೆ ತಂದವರಿಗೆ ಸ್ವಂತ ಕಸುಬಿನವರೊಡನೆ ಶ್ರುತಿಗೂಡಲಾಗಲಿಲ್ಲ. ಲೋಹವನ್ನು ಬಾಗಿಸುವುದು ಸುಲಭ, ಮನಸ್ಸನ್ನು ಬಾಗಿಸುವುದು ಕಷ್ಟ. ಒಡಹುಟ್ಟಿದವರ ನಡುವೆ ವ್ಯಾಜ್ಯವಿರುವ ಮನೆಗಳು ನಮ್ಮಲ್ಲಿಯೂ ಇವೆ. ಅನ್ಯರ ಪ್ರತಿಭೆಗೆ ಕಿವಿಗೊಡುವ ಔದಾರ್ಯವನ್ನು ನಾವು ನಮ್ಮ ಮನೆಗಳಲ್ಲಿಯೇ ಅಭ್ಯಾಸ ಮಾಡೋಣ.